ಓದುಗರ ಪ್ರಶ್ನೆಗೆ ಉತ್ತರ: ಬಿಸಿಲಿನ ವಿದ್ಯುತ್ತು ಮತ್ತು ಪಹಣಿ ಇಲ್ಲದವರು

ಹವಾಮಾನ ಬದಲಾವಣೆ ಮತ್ತು ಶುದ್ಧ ಇಂಧನದ ನೀತಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ಭಾರತ ತನ್ನ ಶುದ್ಧ ವಿದ್ಯುತ್ತಿನ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದೆ ಎಂದು ಓದಿದೆ. ನಮ್ಮ ಉಪನ್ಯಾಸಕರು ಮಾತ್ರ ದೇಶ ಇಂದಿಗೂ ಕಲ್ಲಿದ್ದಲಿನ ಮೇಲೆಯೇ ನಿಂತಿದೆ ಎನ್ನುತ್ತಾರೆ. ಯಾವುದು ಸರಿ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ಸರಿ. 2022ರ ಆಗಸ್ಟ್‌ನಲ್ಲಿ ಭಾರತ ಪ್ಯಾರಿಸ್ ಒಪ್ಪಂದದ ಅಡಿಯಲ್ಲಿ ಪರಿಷ್ಕರಿಸಿ ಸಲ್ಲಿಸಿದ ಬದ್ಧತೆಯ ಪ್ರಕಾರ, 2030ರ ವೇಳೆಗೆ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಶೇ 50ರಷ್ಟು ಪಳೆಯುಳಿಕೆಯೇತರ, ಅಂದರೆ ಕಲ್ಲಿದ್ದಲು, ತೈಲ, ಅನಿಲಗಳಲ್ಲದ ಮೂಲಗಳಿಂದ ಬರಬೇಕಿತ್ತು. ಜಲವಿದ್ಯುತ್ತು ಮತ್ತು ಅಣುವಿದ್ಯುತ್ತನ್ನೂ ಸೇರಿಸಿಕೊಳ್ಳುವ ಈ ಗುರಿ 2025ರ ಜೂನ್ ಹೊತ್ತಿಗೇ ಈಡೇರಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಯಂತ್ರಗಳ ಸಾಮರ್ಥ್ಯವನ್ನು. ಅವು ವರ್ಷವಿಡೀ ಉತ್ಪಾದಿಸಿದ ಯೂನಿಟ್‌ಗಳನ್ನಲ್ಲ. ಒಂದು ಕಿಲೋವಾಟ್ ಸೌರಫಲಕ ನಮ್ಮ ಕಡೆಯ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಹಗಲೂ ರಾತ್ರಿಯೂ ಉರಿಯುವ ಕಲ್ಲಿದ್ದಲು ಸ್ಥಾವರದ ಒಂದು ಕಿಲೋವಾಟ್ ಸಾಮರ್ಥ್ಯ ಅದೇ ದಿನದಲ್ಲಿ ಹದಿನೈದಕ್ಕೂ ಹೆಚ್ಚು ಯೂನಿಟ್ ಕೊಡಬಲ್ಲದು. ಆದ್ದರಿಂದಲೇ ಸಾಮರ್ಥ್ಯದಲ್ಲಿ ಅರ್ಧ ಪಾಲು ದಾಟಿದ್ದರೂ ದೇಶ ಬಳಸುವ ವಿದ್ಯುತ್ತಿನಲ್ಲಿ ಶೇ 70ರ ಆಸುಪಾಸು ಇನ್ನೂ ಕಲ್ಲಿದ್ದಲಿನದೇ ಆಗಿದೆ.

ಈ ವ್ಯತ್ಯಾಸದ ಬಿಸಿ ಕರ್ನಾಟಕಕ್ಕೆ ಚೆನ್ನಾಗಿ ತಟ್ಟಿದ್ದು 2023ರಲ್ಲಿ. ಆ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಇಲ್ಲದ್ದರಿಂದ ಜಲಾಶಯಗಳು ಬತ್ತಿ ಜಲವಿದ್ಯುತ್ತು ಕುಗ್ಗಿತು. ಅದೇ ಕಾರಣಕ್ಕೆ ಒಣಗುತ್ತಿದ್ದ ಬೆಳೆಯನ್ನು ಉಳಿಸಿಕೊಳ್ಳಲು ರೈತರು ಕೊಳವೆಬಾವಿಯ ಮೋಟಾರುಗಳನ್ನು ಬಿಡುವಿಲ್ಲದೆ ಓಡಿಸಬೇಕಾಗಿ ಬಂದು ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಬೇಕಾಯಿತು. ಹವಾಮಾನ ಏರುಪೇರಾದಾಗ ಮೊದಲು ಪೆಟ್ಟು ತಿನ್ನುವ ಮೂಲಗಳಲ್ಲಿ ನಮ್ಮ ಹಳೆಯ ಶುದ್ಧ ಮೂಲವಾದ ಜಲವಿದ್ಯುತ್ತೂ ಒಂದು ಎಂಬುದನ್ನು ನೀತಿ ರೂಪಿಸುವವರು ಮರೆಯಬಾರದು.

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ನಮಗೆ ಸ್ವಂತ ಜಮೀನಿಲ್ಲ. ಸೋಲಾರ್ ಪಾರ್ಕ್ ಬರುವ ಮೊದಲು ನನ್ನ ತಾಯಿ ಶೇಂಗಾ ಹೊಲಗಳಲ್ಲಿ ಕಳೆ ತೆಗೆಯಲು, ಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದರು. ಈಗ ಆ ಹೊಲಗಳ ಸುತ್ತ ತಂತಿಬೇಲಿ ಬಿದ್ದಿದೆ. ಜಮೀನು ಕೊಟ್ಟವರಿಗೆ ವರ್ಷವರ್ಷ ಬಾಡಿಗೆ ಬರುತ್ತದೆ. ನಮ್ಮಂಥವರಿಗೆ ಏನಿದೆ? ಹೀಗೆ ಕೇಳಿದರೆ ಪರಿಸರ ವಿರೋಧಿಗಳಾಗುತ್ತೇವೆಯೇ?
– ಒಬ್ಬ ಓದುಗರು, ತುಮಕೂರು ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಖಂಡಿತ ಇಲ್ಲ. ನಿಮ್ಮ ತಾಯಿಯವರ ಕೂಲಿ ಹೋಯಿತೆನ್ನುವುದು ಸೌರವಿದ್ಯುತ್ತಿನ ವಿರುದ್ಧದ ಮಾತಲ್ಲ. ಲೆಕ್ಕದಲ್ಲಿ ಬಿಟ್ಟುಹೋದವರನ್ನು ಸೇರಿಸಿ ಎಂಬ ಬೇಡಿಕೆ.

‘ಶಕ್ತಿಸ್ಥಳ’ ಎಂಬ ಹೆಸರಿನ ಪಾವಗಡದ ಈ ಸೋಲಾರ್ ಪಾರ್ಕಿನ ಯೋಜನೆಯಲ್ಲಿ ಮೆಚ್ಚಬೇಕಾದ ಒಂದು ಅಂಶ ನಿಜವಾಗಿಯೂ ಇದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಹೆಚ್ಚಳ ಎಂಬ ಷರತ್ತಿನಲ್ಲಿ ರೈತರ ಒಡೆತನ ಉಳಿಯಿತು. ಮೇಲಿಂದ ಮೇಲೆ ಬರ ಕಂಡ, ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡ ಸೀಮೆಯಲ್ಲಿ ಮಳೆಯನ್ನು ನಂಬದೆ ಬರುವ ಈ ಹಣ ಅನೇಕ ಮನೆಗಳ ಸಾಲ ತೀರಿಸಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿದ ಈ ಪಾರ್ಕನ್ನು ಆ ಹೊತ್ತಿಗೆ ಜಗತ್ತಿನ ಅತಿ ದೊಡ್ಡ ಸೌರ ಪಾರ್ಕುಗಳ ಸಾಲಿನಲ್ಲಿ ಎಣಿಸಲಾಗುತ್ತಿತ್ತು.

ತೊಡಕು ಇರುವುದು ಬಾಡಿಗೆಯ ಚೆಕ್ಕು ಯಾರ ಹೆಸರಿಗೆ ಬರೆಯಲ್ಪಡುತ್ತದೆ ಎಂಬಲ್ಲಿ. ಅದು ಪಹಣಿಯಲ್ಲಿ ಹೆಸರಿರುವವರಿಗೆ ಹೋಗುತ್ತದೆ. ಹತ್ತಾರು ಎಕರೆ ಕೊಟ್ಟವರಿಗೆ ಅದು ದೊಡ್ಡ ಮೊತ್ತ. ಒಂದೇ ಎಕರೆ ಇದ್ದವರಿಗೆ ಆರಂಭದ ದರದಲ್ಲಿ ತಿಂಗಳಿಗೆ 1,750 ರೂಪಾಯಿ. ಅದೇ ಹೊಲದಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದವರಿಗೆ, ಬೆಳೆ ಕೊಯ್ದ ಮೇಲೆ ಕುರಿ ಮೇಯಿಸುತ್ತಿದ್ದವರಿಗೆ, ಕೂಲಿಯ ಹೆಣ್ಣುಮಕ್ಕಳಿಗೆ ಯಾವ ದಾಖಲೆಯೂ ಇಲ್ಲ. ಶೇಂಗಾ ಬೆಳೆಯಲ್ಲಿ ಬಿತ್ತನೆಯಿಂದ ಕಾಯಿ ಬಿಡಿಸುವವರೆಗೆ ತಿಂಗಳುಗಟ್ಟಲೆ ಕೈಗಳು ಬೇಕಾಗುತ್ತಿದ್ದವು. ಫಲಕಗಳು ಒಮ್ಮೆ ನಿಂತ ಮೇಲೆ ಉಳಿಯುವ ಕೆಲಸ ಧೂಳು ಒರೆಸುವುದು, ಕಂಬಗಳ ಬುಡದ ಹುಲ್ಲು ಸವರುವುದು ಮತ್ತು ಕಾವಲು. ನೂರಾರು ಎಕರೆಗೆ ಅದಕ್ಕೆ ಬೇಕಾಗುವುದು ಬೆರಳೆಣಿಕೆಯ ಜನ.

ಮಾಡಬಹುದಾದದ್ದು ಬೇಕಾದಷ್ಟಿದೆ. ಗುತ್ತಿಗೆಯ ಕರಾರಿನಲ್ಲಿ ಜಮೀನಿನ ಬಾಡಿಗೆಯ ಜೊತೆಗೆ, ಆ ಜಮೀನನ್ನು ನಂಬಿದ್ದ ಭೂರಹಿತ ಕುಟುಂಬಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಅಂಗೀಕರಿಸಿ, ಅವರಿಗೂ ವಾರ್ಷಿಕ ಮೊತ್ತವೊಂದನ್ನು ಬರೆಯಬೇಕು. ಮಾರುವ ಪ್ರತಿ ಯೂನಿಟ್‌ನಿಂದ ಕೆಲವು ಪೈಸೆ ಪಂಚಾಯಿತಿಗೆ ನೇರವಾಗಿ ಸಲ್ಲುವಂತೆ ಮಾಡಿದರೆ ಕಂಪನಿಗಳೇನೂ ಬಡವಾಗುವುದಿಲ್ಲ. ಫಲಕಗಳ ನಡುವೆ ಕುರಿ ಮೇಯಿಸುವ ಪದ್ಧತಿ ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಈಗಾಗಲೇ ಇದೆ. ಕುರಿ ಹುಲ್ಲನ್ನು ಸವರುವುದರಿಂದ ಕಂಪನಿಗೆ ಖರ್ಚೂ ಉಳಿಯುತ್ತದೆ. ಕುರಿ ಸಾಕುವುದನ್ನು ತಲೆತಲಾಂತರದಿಂದ ಬಲ್ಲ ಪಾವಗಡದ ಸೀಮೆಯಲ್ಲಿ ಬೇಲಿಯ ಬಾಗಿಲು ತೆರೆಯಲು ಹಿಂಜರಿಯುವುದೇಕೆ ಎಂದು ನನಗೆ ಅರ್ಥವಾಗುವುದಿಲ್ಲ. ಫಲಕಗಳನ್ನು ಆಳೆತ್ತರಕ್ಕೆ ಏರಿಸಿ ಕೆಳಗೆ ಮೇವು, ತರಕಾರಿ ಬೆಳೆಯುವುದು ಹೆಚ್ಚು ಖರ್ಚಿನದು, ಆದರೆ ಮುಂದಿನ ಪಾರ್ಕುಗಳಲ್ಲಿ ಸ್ವಲ್ಪ ಭಾಗವನ್ನಾದರೂ ಹಾಗೆ ಕಟ್ಟಬಹುದು.

ನಿಮ್ಮ ಊರಿನವರು ಈಗಲೇ ಕೇಳಿಡಬೇಕಾದ ಇನ್ನೊಂದು ಪ್ರಶ್ನೆಯಿದೆ. ಗುತ್ತಿಗೆ ಮುಗಿದ ದಿನ ಲಕ್ಷಾಂತರ ಫಲಕಗಳನ್ನೂ ನೆಲದಾಳಕ್ಕೆ ಹೂತ ಕಂಬಗಳನ್ನೂ ಯಾರು ಕೀಳುತ್ತಾರೆ? 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೌರಫಲಕಗಳು ಬಂದಿವೆ. ಹೊಲವನ್ನು ಮತ್ತೆ ಉಳುವಂತೆ ಮಾಡಿಕೊಡುವ ಹೊಣೆ ಯಾರದೆಂಬುದನ್ನು ಮಾತ್ರ ಕರಾರಿನಲ್ಲಿ ಓದಿ, ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಗೃಹಜ್ಯೋತಿಯಿಂದ ನಮ್ಮ ಬಿಲ್ಲು ಸೊನ್ನೆ ಬರುತ್ತಿದೆ. ಆದರೂ ಚಾವಣಿಗೆ ಸೋಲಾರ್ ಹಾಕಿಸಬೇಕೇ? ಕರೆಂಟು ಹೋದಾಗ ಉಪಯೋಗವಾಗುತ್ತದೆ ಎಂದು ಮಗ ಹೇಳುತ್ತಾನೆ.
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಚಾವಣಿ ಸೌರಫಲಕಗಳಿಗಾಗಿ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ಬಿಲ್ಲೇ ಬಾರದ ಮನೆಗೆ ಹಣದ ದೃಷ್ಟಿಯಿಂದ ಸದ್ಯಕ್ಕೆ ಅವಸರವಿಲ್ಲ. ಗೃಹಜ್ಯೋತಿಯ ಮಿತಿಯಾದ ತಿಂಗಳಿಗೆ 200 ಯೂನಿಟ್ ಮೀರಿ ಬಳಸುವವರಿಗೆ ಲಾಭ ಸ್ಪಷ್ಟವಾಗಿದೆ. ಮಗನ ಮಾತಿಗೆ ಒಂದು ತಿದ್ದುಪಡಿ ಬೇಕು. ಬ್ಯಾಟರಿ ಇಲ್ಲದೆ ಬೀದಿಯ ಲೈನಿಗೇ ಜೋಡಿಸಿದ ಸಾಮಾನ್ಯ ಆನ್‌ಗ್ರಿಡ್ ವ್ಯವಸ್ಥೆ, ಬೀದಿಯ ಲೈನಿನಲ್ಲಿ ವಿದ್ಯುತ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ನನಿಗೆ ನಿಮ್ಮ ಮನೆಯಿಂದ ಹರಿದ ವಿದ್ಯುತ್ತು ತಗುಲದಿರಲೆಂದೇ ಹಾಗೆ ಮಾಡಲಾಗಿದೆ. ಉಚಿತ ವಿದ್ಯುತ್ತಿಗೆ ಸರ್ಕಾರ ಪ್ರತಿವರ್ಷ ಕಟ್ಟುವ ಹಣದ ಒಂದು ಪಾಲನ್ನು ಬಡವರ ಮನೆಗಳ ಮೇಲೆ ಫಲಕ ಹಾಕಿಸಲು ಬಳಸಿದರೆ ಆ ಹೊರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಶರಾವತಿಯ ಪಂಪ್ಡ್ ಸ್ಟೋರೇಜ್ ಯೋಜನೆಯೂ ಶುದ್ಧ ಇಂಧನವೇ ಅಲ್ಲವೇ? ಪರಿಸರವಾದಿಗಳೇ ಅದನ್ನು ವಿರೋಧಿಸುವುದೇಕೆ?
– ಓದುಗರು, ಸಾಗರ

ಉತ್ತರ: ಹಗಲು ಹೆಚ್ಚಾಗಿ ಸಿಗುವ ಸೌರವಿದ್ಯುತ್ತಿನಿಂದ ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಕೆಳಕ್ಕೆ ಬಿಟ್ಟು 2,000 ಮೆಗಾವಾಟ್ ಪಡೆಯುವುದು ಈ ಯೋಜನೆಯ ಉದ್ದೇಶ. ಎತ್ತಲು ನಾಲ್ಕು ಯೂನಿಟ್ ಸುರಿದರೆ ಮರಳಿ ಬರುವುದು ಹೆಚ್ಚುಕಡಿಮೆ ಮೂರು. ಸಂಜೆಯ ಬೇಡಿಕೆಗೆ ಶೇಖರಣೆ ಬೇಕೇ ಬೇಕು. ಆ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸುರಂಗಗಳೂ ರಸ್ತೆಗಳೂ ಹಾಯಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಮರದಿಂದ ಮರಕ್ಕೆ ದಾಟಿಯೇ ಬದುಕುವ ಆ ಪ್ರಾಣಿಗೆ ಕಾಡಿನ ನಡುವೆ ಸೀಳಿದ ರಸ್ತೆಯೇ ಗೋಡೆಯಾಗುತ್ತದೆ.

ಇನ್ನೊಂದು ಮಾತನ್ನು ಸಾಗರದವರಾದ ನಿಮಗೆ ನಾನು ಹೇಳಬೇಕಾಗಿಲ್ಲ. 1964ರಲ್ಲಿ ಮುಗಿದ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಗದ್ದೆ, ತೋಟ ಬಿಟ್ಟೆದ್ದ ಕುಟುಂಬಗಳಲ್ಲಿ ಅನೇಕವು ಈಗಿರುವ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿಗಳಿಗೆ ಅಲೆಯುತ್ತಿವೆ. ಬ್ಯಾಟರಿಗಳ ಬೆಲೆ ವರ್ಷವರ್ಷ ಇಳಿಯುತ್ತಿರುವಾಗ, ಅವುಗಳನ್ನು ಸೌರಪಾರ್ಕುಗಳ ಉಪಕೇಂದ್ರಗಳ ಪಕ್ಕದಲ್ಲೇ ಕೂರಿಸಲು ಸಾಧ್ಯವಿರುವಾಗ, ಶರಾವತಿಯ ಕಣಿವೆಯನ್ನು ಮತ್ತೊಮ್ಮೆ ಅಗೆಯುವ ಮೊದಲು ಎರಡೂ ದಾರಿಗಳ ಖರ್ಚು, ಕಾಲ ಮತ್ತು ನಷ್ಟವನ್ನು ಕನ್ನಡದಲ್ಲಿ ಬರೆದು ಜನರ ಮುಂದಿಡಬೇಕು. ಆ ಹಕ್ಕುಪತ್ರಗಳನ್ನು ಕೊಡಲು ಮಾತ್ರ ಯಾವ ಅಧ್ಯಯನಕ್ಕೂ ಕಾಯಬೇಕಾಗಿಲ್ಲ.