ಮನೆಯ ಟೇಬಲ್ ಸಾಗೆ ಡೇಡೋ ಸೆಟ್ 6 ಇಂಚಿನದು ತಗೊಳ್ಳಲೋ, 8 ಇಂಚಿನದೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಷ್ಟು ಇದು: ಧಾರವಾಡದ ಮನೆಯ ಹಿತ್ತಲ ಶೆಡ್ಡಿನಲ್ಲಿ 10 ಇಂಚಿನ ಟೇಬಲ್ ಸಾ (ಟೇಬಲ್ ನಡುವಿಂದ ಬ್ಲೇಡ್ ಏಳುವ ಗರಗಸದ ಮಷಿನ್) ಇದೆ, 18 ಎಂಎಂ ಪ್ಲೈನಲ್ಲಿ ಪುಸ್ತಕದ ಕಪಾಟು ಮಾಡಬೇಕು, ಅಡ್ಡ ಹಲಗೆ ಕೂರುವ ಗ್ರೂವ್ ಹೊಡೆಯಲು ಯಾವ ಡೇಡೋ ಸೆಟ್ (ಹಲವು ಬ್ಲೇಡ್ ತಟ್ಟೆ ಒಟ್ಟಿಗೆ ಜೋಡಿಸಿ ಅಗಲ ಗ್ರೂವ್ ಕೊರೆಯುವ ಸೆಟ್)?

6 ಇಂಚಿನದು. ಆದರೆ ಆರ್ಡರ್ ಆಮೇಲೆ ಹಾಕಿ. ಮೊದಲು ಪ್ಲಗ್ ಕಿತ್ತು, ಬ್ಲೇಡ್ ಬಿಚ್ಚಿ, ಶಾಫ್ಟ್ ಅಳೆಯಿರಿ. ಡೇಡೋ ಸೆಟ್ ಹೆಚ್ಚಾಗಿ ಅಮೆರಿಕದ ಬಡಿಗರ ರೂಢಿ. ಅಲ್ಲಿನ ಸೆಟ್‌ಗಳ ನಡುವಿನ ತೂತು ಸಾಮಾನ್ಯವಾಗಿ 5/8 ಇಂಚು, ಅಂದರೆ 15.88 ಎಂಎಂ. ನಮ್ಮಲ್ಲಿ 25.4 ಅಥವಾ 30 ಎಂಎಂ ತೂತಿನ ಬ್ಲೇಡ್ ಹಿಡಿಯುವ ಮಷಿನ್‌ಗಳೂ ಸಾಕಷ್ಟಿವೆ. ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿಗೆ ಒಯ್ದು ಲೇಥ್‌ನಲ್ಲಿ ತೂತು ದೊಡ್ಡದು ಮಾಡಿಸಿದರಾಯ್ತು ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಬೇಡ್ರಿ. ಸೆಟ್‌ನಲ್ಲಿ ಆರೇಳು ತಟ್ಟೆ ಇರುತ್ತವೆ, ಒಂದೊಂದರ ಕೇಂದ್ರವೂ ಕೂದಲೆಳೆಯಷ್ಟು ಸರಿದರೂ ಗ್ರೂವ್‌ನ ತಳ ಮೆಟ್ಟಿಲು ಮೆಟ್ಟಿಲಾಗುತ್ತದೆ, ಮಷಿನ್ ನಡುಗುತ್ತದೆ.

ಇನ್ನು ಉದ್ದ. ಒಳಗಿನ ಫ್ಲೇಂಜ್‌ನ (ಬ್ಲೇಡ್ ಒರಗುವ ಬಿಲ್ಲೆಯ) ಮುಖದಿಂದ ಶಾಫ್ಟ್‌ನ ತುದಿಯವರೆಗೆ ಅಳೆದು, ಅದರಲ್ಲಿ ನಟ್ ಮತ್ತು ಹೊರಗಿನ ವಾಷರ್‌ನ ದಪ್ಪ ಕಳೆಯಿರಿ. ಉದಾಹರಣೆಗೆ 28 ಎಂಎಂ ಶಾಫ್ಟ್, 8 ಎಂಎಂ ನಟ್, 4 ಎಂಎಂ ವಾಷರ್ ಆದರೆ ಬ್ಲೇಡ್‌ಗೆ ಉಳಿಯೋದು 16 ಎಂಎಂ. ನಟ್‌ನ ಎಲ್ಲ ಥ್ರೆಡ್ಡೂ ಹಿಡಿದಿರಲೇಬೇಕು, ಅರ್ಧ ನಟ್‌ನಲ್ಲಿ ಓಡಿಸುವ ಹಾಗಿಲ್ಲ. 16 ಸಿಕ್ಕರೂ ಕೆಲಸ ಕೆಡಲಿಲ್ಲ: 12 ಎಂಎಂ ಅಗಲಕ್ಕೆ ಜೋಡಿಸಿ, ಒಂದು ಸಲ ಹೊಡೆದು, ಫೆನ್ಸ್ (ಹಲಗೆ ಒರಗಿಸಿ ತಳ್ಳುವ ನೇರ ಪಟ್ಟಿ) ಸರಿಸಿ ಇನ್ನೊಂದು ಸಲ ಹೊಡೆದರೆ 18 ಆಗುತ್ತದೆ. ಶಾಫ್ಟ್ ಇನ್ನೂ ಗಿಡ್ಡವಿದ್ದರೆ, ಅಥವಾ ಮ್ಯಾನ್ಯುಅಲ್‌ನಲ್ಲಿ ಡೇಡೋ ಹಾಕಬಾರದು ಅಂತ ಬರೆದಿದ್ದರೆ, ಅಲ್ಲಿಗೆ ಮುಗಿಯಿತು. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾವನ್ನೇ ಟೇಬಲ್ ಕೆಳಗೆ ತಿರುಗಿಸಿ ಕಟ್ಟಿರುತ್ತಾರಲ್ಲ, ಅದಕ್ಕಂತೂ ಡೇಡೋದ ಹೆಸರೇ ಎತ್ತಬೇಡಿ.

8 ಇಂಚು ಏಕೆ ಬೇಡ? 18 ಎಂಎಂ ಪ್ಲೈಗೆ ಗ್ರೂವ್ ಮೂರರಲ್ಲಿ ಒಂದು ಪಾಲು, 6 ಎಂಎಂ ಆಳವಿದ್ದರೆ ಸಾಕು. 10 ಇಂಚಿನ ಬ್ಲೇಡ್ ಟೇಬಲ್ ಮೇಲೆ 3 ಇಂಚು ಏಳುವ ಮಷಿನ್‌ನಲ್ಲಿ 6 ಇಂಚಿನ ಸೆಟ್ ಸುಮಾರು 1 ಇಂಚು ಏಳುತ್ತದೆ, ನಮಗೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು. 8 ಇಂಚಿನದು ಭಾರ ಹೆಚ್ಚು. ಬ್ರಷ್ ಇರುವ ಸಣ್ಣ ಮೋಟರ್ ಅದನ್ನು ತಿರುಗಿಸಲು ತಿಣುಕುತ್ತದೆ, ಸ್ವಿಚ್ ಆರಿಸಿದ ಮೇಲೂ ಬೇಗ ನಿಲ್ಲುವುದಿಲ್ಲ. 2 ಎಚ್‌ಪಿ ಮೇಲಿನ ಇಂಡಕ್ಷನ್ ಮೋಟರ್ ಇದ್ದವರು 8 ಇಂಚು ನೋಡಲಿ. ತಟ್ಟೆಯ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ನಿಮ್ಮ ಮಷಿನ್‌ನದಕ್ಕಿಂತ ಹೆಚ್ಚಿರಬೇಕು, ಇದನ್ನು ಮರೆಯಬೇಡಿ.

ಓರೆಯಾಗಿ ತಿರುಗುವ ಒಂಟಿ ಬ್ಲೇಡ್, ವಾಬಲ್ ಡೇಡೋ ಅಂತಾರೆ, ಅಗ್ಗ ಅಂತ ಅದಕ್ಕೆ ಕೈ ಹಾಕಬೇಡಿ. ಓರೆ ಓಟದಿಂದ ಗ್ರೂವ್‌ನ ತಳ ಬಾಗುತ್ತದೆ, ಹಲಗೆ ಪೂರ್ತಿ ಕೂರುವುದಿಲ್ಲ.

ಈಗ ಅಗಲದ ಲೆಕ್ಕ, ಕೆಲಸ ಕೆಡೋದು ಹೆಚ್ಚಾಗಿ ಇಲ್ಲೇ. 18 ಎಂಎಂ ಅಂತ ಕೊಟ್ಟ ಪ್ಲೈ ವರ್ನಿಯರ್ ಹಿಡಿದರೆ 17.4 ಬರಬಹುದು, 17.8 ಬರಬಹುದು. ಶಾಫ್ಟ್‌ನ ಉದ್ದ ಸಾಕಷ್ಟಿದ್ದರೆ ಒಂದೇ ಸಲಕ್ಕೆ ಹೊಡೆಯುವ ಜೋಡಣೆ ಹೀಗೆ. ಹೊರಗಿನ ಎರಡು ಬ್ಲೇಡ್ 1/8 ಇಂಚಿನವು, ನಡುವೆ 1/8ರ ಮೂರು ಚಿಪ್ಪರ್ (ಕೆಲವೇ ಹಲ್ಲಿನ ನಡುವಿನ ತಟ್ಟೆ): ಒಟ್ಟು 15.9. ಅದಕ್ಕೆ 1/16ರ ಒಂದು ಚಿಪ್ಪರ್ ಸೇರಿಸಿದರೆ 17.46. ಪ್ಲೈ 17.4 ಇದ್ದರೆ ಇದೇ ಸಾಕು. 17.8 ಇದ್ದರೆ 0.4 ಎಂಎಂ ಶಿಮ್ (ತಟ್ಟೆಗಳ ನಡುವೆ ಇಡುವ ತೆಳು ಬಿಲ್ಲೆ) ಹಾಕಿ. ಹಲಗೆ ಅಂಗೈಯ ಒತ್ತಡಕ್ಕೆ ಇಳಿಯಬೇಕು. ಸುತ್ತಿಗೆ ಬೇಕಾದರೆ ಬಿಗಿ ಹೆಚ್ಚಾಯ್ತು, ಫೆವಿಕಾಲ್ ಎಲ್ಲ ಒರೆಸಿಕೊಂಡು ಹೋಗುತ್ತದೆ. ಸನ್‌ಮೈಕಾ ಅಂಟಿಸಿದ ಮೇಲೆ ಕೂರಿಸುವವರು ಅಂಟಿಸಿದ ತುಂಡನ್ನೇ ಅಳೆಯಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಶೆಡ್ಡಿನಲ್ಲಿಟ್ಟ ಪ್ಲೈ ಉಬ್ಬುತ್ತದೆ, ಹೋದ ವಾರದ ಅಳತೆ ನಂಬಬೇಡಿ.

ಹಿಂಬದಿಯ 6 ಎಂಎಂ ಪ್ಲೈಗೆ ಡೇಡೋ ಆಗುವುದಿಲ್ಲ. ಚಿಪ್ಪರ್ ಇಲ್ಲದೆ ಎರಡು ಬ್ಲೇಡ್ ಜೋಡಿಸಿದರೂ 6.35 ಕೊರೆಯುತ್ತದೆ, ಆ ಪ್ಲೈ ಎಷ್ಟೋ ಸಲ 6 ಕೂಡ ಇರುವುದಿಲ್ಲ, ಲೊಡಲೊಡ ಅನ್ನುತ್ತದೆ. ಅದಕ್ಕೆ ಚಪ್ಪಟೆ ಹಲ್ಲಿನ ಸಾದಾ ಬ್ಲೇಡ್‌ನಲ್ಲಿ ಎರಡು ಸಲ ಹೊಡೆಯಿರಿ.

ಜೋಡಿಸುವಾಗ ಚಿಪ್ಪರ್‌ನ ಹಲ್ಲು ಪಕ್ಕದ ಬ್ಲೇಡ್‌ನ ಎರಡು ಹಲ್ಲುಗಳ ನಡುವಿನ ಸಂದಿಗೆ ಬರಬೇಕು. ಹಲ್ಲಿನ ತುದಿಯ ಕಾರ್ಬೈಡ್‌ಗೆ ಕಾರ್ಬೈಡ್ ತಾಗಿದರೆ ನಟ್ ಬಿಗಿಯುವಾಗಲೇ ಚೂರು ಹಾರುತ್ತದೆ. ಚಿಪ್ಪರ್‌ಗಳನ್ನು ಸುತ್ತಲೂ ಹಂಚಿ ಇಡಿ, ಎಲ್ಲ ಒಂದೇ ಕಡೆ ಬಂದರೆ ನಡುಕ. ಶಿಮ್ ಕಳ್ಳನಿದ್ದಂತೆ, ಸದ್ದಿಲ್ಲದೆ ಶಾಫ್ಟ್‌ನ ಥ್ರೆಡ್ ಸಂದಿಗೆ ಜಾರಿ ಕೂರುತ್ತದೆ, ಆಗ ತಟ್ಟೆಗಳು ಸಪಾಟಾಗಿ ಕೂರವು. ಬಿಗಿದ ಮೇಲೆ ಶಿಮ್ ಕೈಯಲ್ಲಿ ತಿರುಗಬಾರದು. ಕರೆಂಟ್ ಕೊಡುವ ಮೊದಲು ಸೆಟ್ ಅನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಕೆಲವು ಮಷಿನ್‌ನಲ್ಲಿ ಒಳಗಿನ ಪುಡಿ ಕವರ್‌ಗೆ ತಾಗುತ್ತದೆ.

ಟೇಬಲ್ ನಡುವೆ ಬ್ಲೇಡ್ ಏಳುವ ಸಂದಿಯ ಪಟ್ಟಿಯೂ ಬೇರೆ ಬೇಕು. ಬೇಕಲೈಟ್ ಶೀಟ್ ಅಥವಾ ಪ್ಲೈನಲ್ಲಿ ಅಳತೆಗೆ ಕತ್ತರಿಸಿ ಕೂರಿಸಿ, ಅದರ ಮೇಲೆ ಒಂದು ದಪ್ಪ ಹಲಗೆಯನ್ನು ಬ್ಲೇಡ್ ಏಳುವ ಜಾಗ ತಪ್ಪಿಸಿ ಕ್ಲ್ಯಾಂಪ್ ಮಾಡಿ, ಓಡುತ್ತಿರುವ ಸೆಟ್ ಅನ್ನು ನಿಧಾನ ಮೇಲೆತ್ತಿದರೆ ಸಂದಿ ತಾನೇ ಕೊರೆದುಕೊಳ್ಳುತ್ತದೆ. ಪ್ಲೈನ ಮೇಲ್ಪದರ ಕಿತ್ತು ಬರೋದು ಇದರಿಂದ ಬಹಳ ಕಡಿಮೆಯಾಗುತ್ತದೆ. ಹೊರಬೀಳುವ ಅಂಚಿಗೆ ಹಿಂದೊಂದು ಬೇಡದ ತುಂಡು ಇಟ್ಟು ತಳ್ಳಿ. ಗ್ರೂವ್‌ನ ಆಳ ನಡುವೆ ಕಡಿಮೆ, ಅಂಚಿನಲ್ಲಿ ಹೆಚ್ಚು ಬಂತೆಂದರೆ ಪ್ಲೈ ಬಾಗಿದೆ, ನೀವು ಬ್ಲೇಡ್ ಮೇಲೆ ಒತ್ತಿ ಹಿಡಿದಿಲ್ಲ. ಪುಶ್ ಬ್ಲಾಕ್‌ನಿಂದ ಒತ್ತಿ ಇನ್ನೊಮ್ಮೆ ಓಡಿಸಿ. ಕಿರಿದಾದ ಹಲಗೆಗೆ ಅಡ್ಡ ಗ್ರೂವ್ ಹೊಡೆಯುವಾಗ ಫೆನ್ಸ್ ಒಂದನ್ನೇ ನಂಬಬೇಡಿ, ಮೈಟರ್ ಗೇಜ್ (ಟೇಬಲ್‌ನ ಗಾಡಿಯಲ್ಲಿ ಜಾರಿ ಹಲಗೆಯನ್ನು ಅಡ್ಡ ಹಿಡಿದು ತಳ್ಳುವ ಸಾಧನ) ಬೇಕೇ ಬೇಕು, ಇಲ್ಲದಿದ್ದರೆ ಹಲಗೆ ತಿರುಗಿ ಎದೆಗೆ ಬರುತ್ತದೆ. ದಾಂಡೇಲಿ ಕಡೆಯ ಸಾಗವಾನಿಯಾದರೆ 6 ಎಂಎಂ ಆಳವನ್ನು ಎರಡು ಸಲಕ್ಕೆ ತೆಗೆಯಿರಿ. ಎಕ್ಸ್‌ಟೆನ್ಶನ್ ವೈರ್ 2.5 ಸ್ಕ್ವೇರ್ ಎಂಎಂಗಿಂತ ತೆಳ್ಳಗಿದ್ದರೆ ಮೋಟರ್ ಕುಗ್ಗುತ್ತದೆ, ತಪ್ಪು ಬ್ಲೇಡ್‌ನದು ಅನಿಸುತ್ತದೆ.

ನಾಲ್ಕೈದು ಗ್ರೂವ್‌ನ ಒಂದೇ ಕಪಾಟು ಅಂದರೆ, ನಿಜ ಹೇಳಬೇಕೆಂದರೆ, ಡೇಡೋ ಸೆಟ್ ಖರ್ಚು ದಂಡ. ಅದೇ ಪ್ಲೈ ತುಂಡನ್ನು ನಡುವೆ ಇಟ್ಟು ಎರಡು ನೇರ ಪಟ್ಟಿ ಕಟ್ಟಿದ ಜಿಗ್, ಮೇಲೆ ಬೇರಿಂಗ್ ಇರುವ 12 ಎಂಎಂನ ನೇರ ಬಿಟ್, ಒಂದು ರೌಟರ್ (ಬಿಟ್ ತಿರುಗಿಸಿ ಗ್ರೂವ್ ಕೊರೆಯುವ ಕೈ ಮಷಿನ್): ಸಲಕ್ಕೆ 2 ಎಂಎಂ ಇಳಿಸಿದರೆ ಮೂರು ಸಲಕ್ಕೆ ಆಳ ಸಿಗುತ್ತದೆ, ಅಗಲ ಪ್ಲೈಗೆ ತಕ್ಕಂತೆ ತಾನೇ ಬರುತ್ತದೆ. ಅಡುಗೆಮನೆಯ ಕಪಾಟುಗಳ ಸಾಲೇ ಇದ್ದರೆ ಸೆಟ್ ತಗೊಳ್ಳಿ. ಹಲ್ಲು ಮೊಂಡಾದಾಗ ಪೂರ್ತಿ ಸೆಟ್ ಒಟ್ಟಿಗೇ ಸಾಣೆಗೆ ಕೊಡಿ, ಎಲ್ಲ ತಟ್ಟೆ ಒಂದೇ ವ್ಯಾಸಕ್ಕೆ ಬರಬೇಕು ಅಂತ ಹೇಳಿಯೇ ಕೊಡಿ. ಡೇಡೋಗಾಗಿ ಬಿಚ್ಚಿದ ರೈವಿಂಗ್ ನೈಫ್ (ಬ್ಲೇಡ್ ಹಿಂದೆ ನಿಂತು ಸೀಳು ಮುಚ್ಚದಂತೆ ತಡೆಯುವ ತಗಡು), ಗಾರ್ಡ್ ಎರಡನ್ನೂ ಸಾದಾ ಬ್ಲೇಡ್ ಹಾಕುವಾಗಲೇ ವಾಪಸ್ ಕೂರಿಸಿ.