ನನ್ನ ಎಸ್‌ಎಸ್‌ಎನ್ (ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ನಂಬರ್) ಹಾಕಿ ರೂಮ್‌ಮೇಟ್ ಫೋನ್ ತಗೊಂಡಿದ್ದಾನೆ, 'ಮೋಸದ ಉದ್ದೇಶ ಇರಲಿಲ್ಲ' ಅಂತಾನೆ. ಕ್ಯಾಲಿಫೋರ್ನಿಯಾದಲ್ಲಿ ಕೇಸ್ ನಿಲ್ಲುತ್ತಾ?

'ಬಿಲ್ ನಾನೇ ಕಟ್ತಿದ್ದೆ ಮಾರಾಯ' ಅಂತಲೂ ಅಂದಿರಬೇಕಲ್ಲ? ನನ್ನವನೂ ಹಾಗೇ ಅಂದಿದ್ದ. 2016, ಕ್ಯಾಲಿಫೋರ್ನಿಯಾದ ಸನ್ನಿವೇಲ್. ಶಿವಮೊಗ್ಗ ಕಡೆಯವನು, ಒಂದೇ ಕುಕ್ಕರಿನ ಅನ್ನ ಉಂಡವರು ನಾವು. ಮೇಜಿನ ಮೇಲೆ ಬಿದ್ದಿದ್ದ ನನ್ನ ಡಬ್ಲ್ಯೂ-2 (ಸಂಬಳ, ತೆರಿಗೆಯ ಫಾರ್ಮ್) ನೋಡಿ ನಂಬರ್ ಬರ್ಕೊಂಡು, ನನ್ನ ಹೆಸರಲ್ಲಿ ಎರಡು ಲೈನ್ ಮಾಡಿಸಿದ. 640 ಡಾಲರ್ ಬಾಕಿಗೆ ಕಲೆಕ್ಷನ್‌ನವರು ಫೋನ್ ಮಾಡಿದ್ದು ನನಗೆ.

ನಾನು ಕಟ್ಟಿಬಿಟ್ಟೆ. ಎಚ್-1ಬಿ ವೀಸಾ ಭಯ, ಕ್ರೆಡಿಟ್ ಸ್ಕೋರ್ ಭಯ, ಊರಿನವನು ಅನ್ನೋ ದಾಕ್ಷಿಣ್ಯ. ಹಾಳಾಗಿದ್ದು ಅಲ್ಲೇ. ಎಂಟು ತಿಂಗಳಿಗೆ ನನ್ನ ಹೆಸರಲ್ಲಿ ಅಂಗಡಿಯೊಂದರ ಕಾರ್ಡ್ ಸಿಕ್ಕಿತು, 3,100 ಡಾಲರ್ ಸಾಲ. ಅಷ್ಟರಲ್ಲಿ ಅವನು ಟೆಕ್ಸಾಸ್‌ನಲ್ಲಿ. ಫೋನ್ ಖಾತೆ ನನ್ನದಲ್ಲ ಅಂತ ಬರೆದರೆ, 'ದುಡ್ಡು ಕಟ್ಟಿದ್ದೀರಲ್ಲ, ಖಾತೆ ನಿಮ್ಮದೇ' ಅಂತ ಉತ್ತರ. ಪೊಲೀಸಿನವರೂ ಅದನ್ನೇ ಕೇಳಿದರು: ಒಪ್ಪಿಗೆ ಕೊಟ್ಟಿಲ್ಲ ಅಂದ್ರೆ ಕಟ್ಟಿದ್ಯಾಕೆ? 'ಅಡ್ಜಸ್ಟ್ ಮಾಡ್ಕೊಂಡೆ' ಅನ್ನೋದನ್ನ ಅವರಿಗೆ ಇಂಗ್ಲಿಷಲ್ಲಿ ಹೇಗೆ ಹೇಳೋದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ಕ್ಯಾಲಿಫೋರ್ನಿಯಾದ ಪೀನಲ್ ಕೋಡ್ (ಅಪರಾಧ ಕಾನೂನು) 530.5 ತೆಗೆದು ಓದಿದೆ (ನಾನು ಲಾಯರ್ ಅಲ್ಲ). ನೀವು ಹಿಡ್ಕೊಂಡಿರೋ 'ಮೋಸದ ಉದ್ದೇಶ' ಅದರ ಎ ಭಾಗದಲ್ಲಿ ಇಲ್ಲ. ಬೇಕಂತಲೇ ಇನ್ನೊಬ್ಬರ ವಿವರ ತಗೊಂಡು, ಒಪ್ಪಿಗೆಯಿಲ್ಲದೆ ಕಾನೂನುಬಾಹಿರ ಕೆಲಸಕ್ಕೆ ಬಳಸಿದರೆ ಸಾಕು. ಒಪ್ಪಿಗೆಯಿಲ್ಲದೆ ಸಾಲ ಎತ್ತೋದೂ ಅದರಲ್ಲೇ ಬರುತ್ತೆ. ಮೋಸದ ಉದ್ದೇಶ ಸಾಬೀತಾಗಬೇಕಿರೋದು ಸಿ ಭಾಗಕ್ಕೆ, ಅಂದ್ರೆ ವಿವರ ಸುಮ್ಮನೆ ಇಟ್ಕೊಂಡಿದ್ದಕ್ಕೆ. ಫೆಡರಲ್ ಕಾನೂನಿನ ಗಂಭೀರ ಗುರುತು ಕಳವಿನ ಆರೋಪಕ್ಕೆ, ನಂಬರ್ ನಿಜವಾದ ಇನ್ನೊಬ್ಬರದ್ದು ಅಂತ ಆರೋಪಿಗೆ ಗೊತ್ತಿತ್ತು ಅನ್ನೋದನ್ನ ತೋರಿಸಬೇಕು ಅಂತ 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಜೊತೆ ಉಂಡವನಿಗೆ ಗೊತ್ತಿರಲಿಲ್ವಾ? ಹಾಗಾಗಿ ಅವನ ಮನಸ್ಸಲ್ಲಿ ಏನಿತ್ತು ಅನ್ನೋದು ನಿಮ್ಮ ತಲೆನೋವಲ್ಲ, ಪ್ರಾಸಿಕ್ಯೂಟರ್‌ದು. ನಿಮ್ಮ ಕೈಲಿರೋದು ಒಪ್ಪಿಗೆ ಇರಲಿಲ್ಲ ಅನ್ನೋದೊಂದೇ. ಒಂದು ಡಾಲರ್ ಕಟ್ಟಿದರೂ ಅದೇ ಸಡಿಲ ಆಗುತ್ತೆ. 'ಅರ್ಧರ್ಧ ಹಾಕೋಣ' ಅಂದ್ರೂ ಬೇಡ.

ಕೇಸ್ ನಿಲ್ಲುತ್ತಾ ಅಂತ ಕೇಳಬೇಡಿ, ರಿಪೋರ್ಟ್ ಇದೆಯಾ ಅಂತ ಕೇಳ್ಕೊಳ್ಳಿ. ಅದೇ ಕೋಡಿನ 530.6ರ ಪ್ರಕಾರ ನೀವಿರೋ ಊರಿನ ಪೊಲೀಸರು ಅದನ್ನ ಬರ್ಕೊಳ್ಳಲೇಬೇಕು, ಅವನು ಎಲ್ಲೇ ಇರಲಿ. ಆ ಕಾಪಿ ಇಟ್ಟು ಕೇಳಿದರೆ ಸಾಲ ಕೊಟ್ಟವರು 10 ಕೆಲಸದ ದಿನದಲ್ಲಿ ಅರ್ಜಿಯ ವಿವರ ಕೊಡಬೇಕು. ನನ್ನ ಕಾರ್ಡ್ ಅರ್ಜಿಯಲ್ಲಿ ಅವನದೇ ಇಮೇಲ್ ಇತ್ತು, ಬುದ್ಧಿವಂತ! 3,100 ಅಳಿಸಿಹೋಯ್ತು. 640 ವಾಪಸ್ ಬರಲಿಲ್ಲ, ಅವನ ಮೇಲೆ ಕೇಸೂ ಆಗಲಿಲ್ಲ.

ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅನ್ನೋ ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ ಇವತ್ತೇ ಫ್ರೀಜ್ (ನಿಮ್ಮ ಹೆಸರಲ್ಲಿ ಹೊಸ ಸಾಲ ಹುಟ್ಟದಂತೆ ಬೀಗ) ಹಾಕಿ, 2018ರಿಂದ ಪುಕ್ಕಟೆ. ಇನ್ನೇನು ಅವರಮ್ಮ ನಿಮ್ಮಮ್ಮನಿಗೆ ಫೋನ್ ಮಾಡಿ ಅಳ್ತಾರೆ. ಅದಕ್ಕೆ ಮೊದಲೇ ಸ್ಟೇಷನ್‌ಗೆ ಹೋಗಿ ಬಂದಿರಿ.