ಬೋಲ್ಟ್ ಬಿಗಿ ಮಾಡಿದ್ರೆ ಆರ್ಮ್ ಅಲ್ಲಾಡ್ತಿಲ್ಲ

ಪ್ರಶ್ನೆ: ಸರ್, ಮನೇಲೇ ಒಂದು ಕಿಟ್ ಕಾರ್ (ಬಿಡಿಭಾಗ ತಂದು ನಾವೇ ಜೋಡಿಸೋ ಕಾರು) ಕಟ್ತಾ ಇದೀನಿ. ಹಿಂದಿನ ವಿಶ್‌ಬೋನ್‌ಗೆ (ಚಕ್ರನ ಚಾಸಿಗೆ ಜೋಡಿಸೋ, ಮೇಲೆ ಕೆಳಗೆ ಆಡೋ ಆರ್ಮ್) ಪೌಡರ್ ಕೋಟಿಂಗ್ ಮಾಡಿಸ್ಕೊಂಡು ಬಂದು ಪಾಲಿಯುರಿಥೇನ್ ಬುಶ್ (ಆರ್ಮ್ ತೂತಿಗೆ ಕೂರೋ, ಗಟ್ಟಿ ರಬ್ಬರ್ ಥರದ ಕೊಳವೆ) ಹಾಕೋಕೆ ಹೋದ್ರೆ ಒಳಗೇ ಹೋಗ್ಲಿಲ್ಲ, ಹೇಗೋ ಸುತ್ತಿಗೇಲಿ ಬಡಿದು ಕೂರಿಸ್ದೆ. ಈಗ ಬೋಲ್ಟ್ ಟೈಟ್ ಮಾಡಿದ್ರೆ ಆರ್ಮ್ ಎತ್ತಿದ ಕಡೇನೇ ನಿಂತ್ಬಿಡುತ್ತೆ, ಲೂಸ್ ಮಾಡಿದ್ರೆ ಸರಿಯಾಗಿ ಆಡುತ್ತೆ. ಸ್ವಲ್ಪ ಲೂಸೇ ಬಿಡ್ಲಾ? ಫೈನಲ್ ಟೈಟು ಕಾರ್ ಸ್ಟ್ಯಾಂಡ್ ಮೇಲಿದ್ದಾಗ ಮಾಡ್ಬೇಕಾ, ಇಳಿಸಿದ ಮೇಲಾ?

ಉತ್ತರ: ಲೂಸ್ ಮಾತ್ರ ಬಿಡ್ಬೇಡಿ ಮಾರಾಯ್ರೆ, ಆರ್ಮ್ ಹಿಡಿದಿರೋ ಚಾಸಿ ಬ್ರಾಕೆಟ್ ತೂತು ಸವೆದು ಮೊಟ್ಟೆ ಆಕಾರಕ್ಕೆ ಬರುತ್ತೆ, ಆಮೇಲೆ ವೆಲ್ಡಿಂಗೇ ಗತಿ. ಬುಶ್ ಮಧ್ಯ ಒಂದು ಸ್ಟೀಲ್ ಸ್ಲೀವ್ ಇದ್ಯಲ್ಲ, ಬೋಲ್ಟ್ ಹಿಡಿದು ಅದುಮ್ಬೇಕಾಗಿರೋದು ಅದನ್ನ. ಸ್ಲೀವ್ ಬ್ರಾಕೆಟ್‌ಗೆ ಕಚ್ಕೊಂಡು ನಿಲ್ಲುತ್ತೆ, ಪಾಲಿ ಅದರ ಸುತ್ತ ತಿರುಗುತ್ತೆ. ಹಂಗಾಗ್ಬೇಕು ಅಂದ್ರೆ ಸ್ಲೀವು ಪಾಲಿಗಿಂತ ಒಂದು ಕೂದಲೆಳೆಯಷ್ಟಾದ್ರೂ ಉದ್ದ ಇರ್ಬೇಕು. ನಿಮ್ಮದ್ರಲ್ಲಿ ಪಾಲಿನೇ ಹೊರಗೆ ಉಬ್ಬಿ ಬ್ರಾಕೆಟ್ ಮಧ್ಯ ಸಿಕ್ಕಾಕ್ಕೊಂಡಿದೆ, ವರ್ನಿಯರ್ ಇಟ್ಟು ಅಳೆದು ನೋಡಿ ಗೊತ್ತಾಗುತ್ತೆ.

ಕಳ್ಳ ಯಾರು ಅಂದ್ರೆ ಆ ಪೌಡರ್ ಕೋಟಿಂಗು. ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ ಇರುತ್ತೆ, ಎರಡೂ ಕಡೆ ಲೆಕ್ಕ ಹಾಕಿದ್ರೆ ಬುಶ್ ಕೂರೋ ಆರ್ಮ್ ತೂತು 0.2 ಮಿ.ಮೀ. ತನಕ ಕಿರಿದಾಯ್ತು, ಇಷ್ಟೇ ತಾನೆ ಅನ್ಸುತ್ತೆ ಆದ್ರೆ ಅಷ್ಟಕ್ಕೇ ಪಾಲಿ ಸ್ಲೀವ್‌ನ ಗಟ್ಟಿಯಾಗಿ ಹಿಡ್ಕೊಂಡು ಉದ್ದಕ್ಕೂ ಹಿಗ್ಗುತ್ತೆ. ಬುಶ್ ಬಿಚ್ಚಿ, ತೂತಿನ ಒಳಗೂ ಅಂಚಿನ ಮೇಲೂ ಇರೋ ಪೇಂಟನ್ನ ಎಮರಿ ಪೇಪರ್ ಹಾಕಿ ಹೊಳೆಯೋ ಲೋಹ ಕಾಣೋ ತನಕ ಉಜ್ಜಿ. ಆಮೇಲೆ ಸಿಲಿಕಾನ್ ಗ್ರೀಸ್ ಧಾರಾಳವಾಗಿ ಸವರಿ, ಮೊದಲು ಪಾಲಿ, ಆಮೇಲೆ ಸ್ಲೀವು, ವೈಸ್‌ನಲ್ಲಿ ನಿಧಾನಕ್ಕೆ ಒತ್ತಿ. ಸುತ್ತಿಗೆ ದೂರ ಇಡಿ. ಇಷ್ಟಾದ್ರೂ ಪಾಲಿ ಉದ್ದ ಇದ್ರೆ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹಾಸಿ ಪಾಲಿ ಮುಖಾನ ಚೂರುಚೂರೇ ತೀಡಿ, ಸ್ಲೀವ್ ಮುಟ್ಬೇಡಿ. ಬ್ರಾಕೆಟ್‌ಗೂ ಸ್ಲೀವ್‌ಗೂ ಸಂದು ಉಳಿದ್ರೆ ವಾಷರ್ ಕೊಡಿ, ಬೋಲ್ಟ್‌ನಲ್ಲೇ ಎಳೆದು ಬ್ರಾಕೆಟ್ ಬಗ್ಗಿಸೋಕೆ ಹೋಗ್ಬೇಡಿ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಾಕೋ ಮುಂಚೆ, ಬೋಲ್ಟ್ ಪೂರ್ತಿ ಟೈಟ್ ಇರುವಾಗ ಆರ್ಮ್ ಎತ್ತಿ ಬಿಡಿ, ತನ್ನ ಭಾರಕ್ಕೆ ತಾನೇ ಇಳೀಬೇಕು. ಕಲ್ಲು ಬಿದ್ದ ಹಂಗೆ ಬೀಳ್ಬೇಕಾಗಿಲ್ಲ, ಮೆಲ್ಲಗೆ ಇಳಿದ್ರೂ ಸಾಕು.

ಇನ್ನು ಸ್ಟ್ಯಾಂಡ್ ವಿಷಯ. ಪಾಲಿ ತಿರುಗೋದ್ರಿಂದ ಅದಕ್ಕೆ ಎಲ್ಲಿ ಟೈಟ್ ಮಾಡಿದ್ರೂ ಅಂಥ ವ್ಯತ್ಯಾಸ ಇಲ್ಲ. ಆದ್ರೆ ಕಾರಲ್ಲಿ ಬೇರೆಲ್ಲಾದ್ರೂ ಸ್ಲೀವ್‌ಗೆ ಅಂಟಿಸಿದ ರಬ್ಬರ್ ಬುಶ್ ಇದ್ರೆ ಕಾರ್ ಚಕ್ರದ ಮೇಲೆ ನಿಂತು ಪೂರ್ತಿ ಭಾರ ಬಿದ್ದಾಗಲೇ ಟೈಟ್ ಮಾಡಿ. ಅದು ತಿರುಗಲ್ಲ, ಬರೀ ತಿರುಚ್ಕೊಳ್ಳುತ್ತೆ, ಆರ್ಮ್ ನೇತಾಡ್ತಿರುವಾಗ ಬಿಗಿದ್ರೆ ಕಾರ್ ಸುಮ್ನೆ ನಿಂತಿದ್ರೂ ರಬ್ಬರ್ ತಿರುಚ್ಕೊಂಡೇ ಇರುತ್ತೆ. ನಾನೂ ಒಂದ್ಸಲ ಹಂಗೇ ಬಿಗಿದು, ಬೇಗ ಹರಿದೋದಾಗ ಬುಶ್ ಮಾಡಿದೋನಿಗೆ ಬೈಕೊಂಡಿದ್ದೆ.

ಇಷ್ಟು ಸಲ ಬಿಚ್ಚಿ ಹಾಕಿದ ನೈಲಾಕ್ ನಟ್ಟು (ಸಡಿಲ ಆಗದ ಹಾಗೆ ಒಳಗೆ ನೈಲಾನ್ ಉಂಗುರ ಇರೋದು) ಹಿಡಿತ ಕಳ್ಕೊಂಡಿರುತ್ತೆ, ಫೈನಲ್‌ಗೆ ಹೊಸದೇ ಹಾಕಿ.